ಕುರ್ಚಿ ತುಂಬಿಸಲು ಹೋದ ಹರಿಣಾಕ್ಷಿ

ಲಿಗೋರಿ ಪೊರ್ಬುಗಳ ಗೇಟು ಹತ್ತಿರವಾಗುತ್ತಿದ್ದಂತೆ ಹರಿಣಾಕ್ಷಿ ನಡಿಗೆ ನಿಧಾನ ಮಾಡುತ್ತಿದ್ದಳು. ಊರಿನವರು ಗೌರವದಿಂದ ಪೊರ್ಬುಗಳು ಎನ್ನುವ ಆ ಕ್ರಿಶ್ಚಿಯನ್ ಮುದುಕರು ಜಗಲಿಯ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅವಳ ತಲೆಯ ಮೇಲಿನ ಬುಟ್ಟಿ ಅವರಿಗೆ ಸರಿಯಾಗಿ ಕಾಣಬೇಕು, ಬೂತಾಯಿ ಮೀನಿನ ವಾಸನೆ ಅವರ ಮೂಗಿಗೆ ತಾಗಬೇಕು, ಆಮೇಲೆ ತಾನು ದಾಟಿ ಹೋಗಬೇಕು. ಇಷ್ಟಕ್ಕೇ ಆ ನಿಧಾನ.

"ಹರಿಣಾ, ಬೂತಾಯಿ ಉಂಟಾ?" ಎಂದು ಅವರು ಕೂಗುತ್ತಿದ್ದರು. ಒಂದು ಬದಿಯ ಕೈಕಾಲು ಬಿದ್ದುಹೋಗಿ ಮಾತು ತೊದಲುತ್ತಿದ್ದರೂ ಬೂತಾಯಿ ಎಂಬ ಮಾತು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಹರಿಣಾಕ್ಷಿ ತಿರುಗಿ ನೋಡುತ್ತಿರಲಿಲ್ಲ. ಹಿಂದೆ ಇದೇ ಜಗಲಿಯಲ್ಲಿ ಬುಟ್ಟಿ ಇಳಿಸಿ, ಕಪ್ಪು ಕಾಫಿ ಕುಡಿದು, ಮುದುಕರ ಹಳೆಯ ಕತೆಗಳಿಗೆ ನಕ್ಕು ಹೋಗುತ್ತಿದ್ದವಳು ಅವಳೇ. ಈಗ ಆ ಕೂಗು ಬೆನ್ನಿಗೆ ಬಡಿದಾಗ ಎದೆಗೆ ತಂಪಾಗುತ್ತಿತ್ತು. ಇವರಿಗೆ ಉತ್ತರ ಸಿಗದೆ ಉಳಿದಷ್ಟು ದಿನ ಇವರ ಮಗಳಿಗೆ ನಿದ್ದೆ ಬರಬಾರದು ಎಂದು ಅಂದುಕೊಳ್ಳುತ್ತಿದ್ದಳು.

ಮಗಳೆಂದರೆ ಜಾಯ್ಸ್. ಉಪ್ಪಿನ ಓಣಿಯ ಸರಕಾರಿ ಆರೋಗ್ಯ ಕೇಂದ್ರದ ನರ್ಸು.

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರು ಈಗ ಕಡಿಮೆ. ಉಳಿದವರಲ್ಲಿ ಹಳೆಯ ಕಟ್ಟುನಿಟ್ಟೊಂದು ಉಂಟು. ಒಬ್ಬಳ ಖಾಯಂ ಮನೆಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ಆ ಮನೆಯವರೇ ಕರೆದರೂ, "ಅದು ಅವಳ ಮನೆ ಅಮ್ಮಾ" ಎಂದು ಹೇಳಿ ಮುಂದೆ ಹೋಗುತ್ತಾರೆ. ಬಲ್ಮಠದ ಹಿಂದಿನ ಓಣಿಯಲ್ಲಿರುವ ಪೊರ್ಬುಗಳ ಮನೆ ಹರಿಣಾಕ್ಷಿಯ ಅತ್ತೆಯ ಕಾಲದಿಂದಲೂ ಇವರದೇ. ಹಾಗಾಗಿ ಆ ಮನೆಗೆ ಮೀನು ನಿಲ್ಲಿಸಲು ಹರಿಣಾಕ್ಷಿ ಯಾರ ಕಾಲನ್ನೂ ಹಿಡಿಯಬೇಕಾಗಿರಲಿಲ್ಲ. ತಾನು ಕೊಡದಿದ್ದರೆ ಸಾಕಿತ್ತು. ಆದರೂ ದಕ್ಕೆಯಲ್ಲಿ, ಬೋಟುಗಳಿಂದ ಮೀನು ಇಳಿಸಿ ಏಲಂ ಕೂಗುವ ಜಾಗದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಉಪ್ಪಿನ ಓಣಿಯ ಸಿಸ್ಟರಿನ ಚೀಲಕ್ಕೆ ಒಂದು ಬಾಲ ಕೂಡ ಬೀಳಬಾರದು." ಗಂಡ ಸತ್ತು ತಿಂಗಳಾಗಿರಲಿಲ್ಲ. ಅವಳ ಮಾತನ್ನು ಯಾರೂ ತೆಗೆದುಹಾಕಲಿಲ್ಲ. ಜಾಯ್ಸ್ ಮಾರ್ಕೆಟಿಗೆ ಹೋದರೆ ಹೆಂಗಸರು ಎದುರಿಗಿದ್ದ ಬಂಗುಡೆಯ ರಾಶಿಯನ್ನು ತೋರಿಸಿಯೇ "ಎಲ್ಲ ಆರ್ಡರಿನದ್ದು" ಎನ್ನುತ್ತಿದ್ದರು.

ಹರಿಣಾಕ್ಷಿಯ ಗಂಡ ತುಕ್ರ ಮೊದಲು ಬೋಟಿಗೆ ಹೋಗುತ್ತಿದ್ದ. ಮೊಣಕಾಲು ಹಿಡಿದ ಮೇಲೆ ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವ ಕೆಲಸಕ್ಕೆ ನಿಂತ. ಮಾತು ಕಡಿಮೆ. ಹೆಂಡತಿಯೇ ಅವನ ಪಾಲಿನ ಮಾತನ್ನೂ ಆಡುತ್ತಾಳೆ ಎಂದು ಕುದ್ರೋಳಿಯ ನೆರೆಕರೆಯವರು ನಗುತ್ತಿದ್ದರು. ಒಂದು ಬೆಳಿಗ್ಗೆ ಕೆಲಸದಿಂದ ಬೇಗ ಬಂದವನು ಹೊಸ್ತಿಲಲ್ಲೇ ಕುಳಿತ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಎಂತ ಆಯ್ತು?"

"ಎದೆಯ ಮೇಲೆ ಐಸಿನ ಬ್ಲಾಕ್ ಇಟ್ಟ ಹಾಗೆ ಆಗ್ತದೆ."

ಆರೋಗ್ಯ ಕೇಂದ್ರ ಇದ್ದದ್ದು ಎರಡು ತಿರುವಿನ ಆಚೆ. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು, ಆದರೆ ಜಾಯ್ಸ್ ಯಾವಾಗಲೂ ಇರುತ್ತಾಳೆ. ಆಕ್ಸಿಜನ್ ಉಂಟು, ನಾಲಿಗೆಯಡಿ ಇಡುವ ಮಾತ್ರೆ ಉಂಟು, ಆಂಬುಲೆನ್ಸಿಗೆ ಅವಳು ಫೋನ್ ಮಾಡಿದರೆ ಬೇಗ ಬರುತ್ತದೆ. ಹರಿಣಾಕ್ಷಿ ಗಂಡನ ತೋಳಿಗೆ ತೋಳು ಕೊಟ್ಟು ಅಲ್ಲಿಗೆ ನಡೆಸಿಕೊಂಡು ಹೋದಳು. ಬಾಗಿಲಿಗೆ ಬೀಗ ಬಿದ್ದಿತ್ತು.

ಎದುರಿನ ಗೂಡಂಗಡಿಯ ಅಝರ್ ಹೊರಗೆ ಬಂದ. "ಈಗ ಇಲ್ಲೇ ಇದ್ದರು ಅಕ್ಕ, ಎಲ್ಲಿಯೋ ಹೊರಗೆ ಹೋದ ಹಾಗೆ ಕಂಡಿತು. ಬರ್ತಾರೆ. ನಾನು ಫೋನ್ ಮಾಡ್ತೇನೆ." ಫೋನ್ ರಿಂಗಾಯಿತು, ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದ. ಅದೇ ಕತೆ.

ಹರಿಣಾಕ್ಷಿ ಗಂಡನನ್ನು ಜಗಲಿಯ ಬೆಂಚಿನಲ್ಲಿ ಕೂರಿಸಿ ಸೆರಗಿನಿಂದ ಗಾಳಿ ಹಾಕಿದಳು. "ಈಗ ಬರ್ತಾಳೆ ಇರಿ. ಎಲ್ಲಿಗೆ ಹೋಗ್ತಾಳೆ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಅದನ್ನೇ ಹೇಳಿದಳು. ಮೂರನೆಯ ಸಲ ಹೇಳುವಾಗ ತುಕ್ರನ ತಲೆ ಅವಳ ಹೆಗಲಿಗೆ ಒರಗಿತು. ಅಝರ್ ಓಡಿಹೋಗಿ ರಿಕ್ಷಾ ತಂದ. ಅತ್ತಾವರದ ದೊಡ್ಡ ಆಸ್ಪತ್ರೆಯ ಬಾಗಿಲಿನಲ್ಲಿ ಎಳೆಯ ಡಾಕ್ಟರೊಬ್ಬರು ಕಣ್ಣಿಗೆ ಟಾರ್ಚ್ ಹಾಕಿ ನೋಡಿ, "ಸ್ವಲ್ಪ ಮೊದಲೇ ತರಬೇಕಿತ್ತಮ್ಮ" ಎಂದರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿಸಿ ನೆಂಟರು ಹೋದ ಮೇಲೆ ಅಝರನ ಅಂಗಡಿಯಲ್ಲಿ ಯಾರೋ ಹಳೆಯ ಪೇಪರು ಬಿಡಿಸಿದರು. ಬಲ್ಮಠದ ಒಂದು ಸಭಾಂಗಣದ ಫೋಟೋ. ತುಕ್ರ ಸತ್ತ ದಿನದ್ದೇ. ವೇದಿಕೆಯ ಮೇಲೆ ಹಾರ, ದೀಪ. ಕೆಳಗೆ ಸಾಲುಸಾಲಾಗಿ ಕುಳಿತ ನರ್ಸುಗಳು. ಮೂರನೆಯ ಸಾಲಿನಲ್ಲಿ ಜಾಯ್ಸ್, ಪಕ್ಕದವಳ ಮಾತಿಗೆ ಬಾಯಿ ತುಂಬ ನಗುತ್ತಿದ್ದಳು.

ಹರಿಣಾಕ್ಷಿ ಆ ನಗುವನ್ನು ತುಂಬ ಹೊತ್ತು ನೋಡಿದಳು. ಪೇಪರನ್ನು ಅಝರನಿಗೆ ವಾಪಸು ಕೊಟ್ಟು ನೆಟ್ಟಗೆ ದಕ್ಕೆಗೆ ಹೋದಳು. ಒಂದು ಬಾಲ ಕೂಡ ಬೀಳಬಾರದು ಎಂದು ಹೇಳಿದ್ದು ಅವತ್ತೇ.

ಜಾಯ್ಸ್ ಸಹಿಸುವಷ್ಟು ಸಹಿಸಿದಳು. ಕೊನೆಗೆ ಒಂದು ದಿನ ಹರಿಣಾಕ್ಷಿ ಬುಟ್ಟಿ ಇಳಿಸಿ ಕುಳಿತುಕೊಳ್ಳುವ ಬಲ್ಮಠದ ಮೂಲೆಗೆ ತಾನೇ ಬಂದಳು. ಪಕ್ಕದಲ್ಲಿ ದೇಯಿ ಕುಳಿತು ಗಿರಾಕಿಯೊಬ್ಬರಿಗೆ ನಂಗ್ ಮೀನಿನ ಸಿಪ್ಪೆ ತೆಗೆಯುತ್ತಿದ್ದಳು. ದೇಯಿ ಹರಿಣಾಕ್ಷಿಗಿಂತ ಕಿರಿಯಳು. ಬಾಯಿ ಮಾತ್ರ ಹಿರಿದು.

"ಅಕ್ಕ, ನನಗೆ ಬೇಡ. ಪಪ್ಪನಿಗೆ ಸ್ವಲ್ಪ ಕೊಡಿ. ಅವರು ಗಂಜಿ ಮುಟ್ಟುದಿಲ್ಲ" ಎಂದಳು ಜಾಯ್ಸ್.

ಹರಿಣಾಕ್ಷಿ ಬಂಗುಡೆಯ ಮೇಲೆ ನೀರು ಚಿಮುಕಿಸುತ್ತಾ, "ದೇಯಿ, ಯಾರೋ ಮಾತಾಡಿದ ಹಾಗೆ ಆಯ್ತಲ್ಲಾ. ನನ್ನ ಕಿವಿ ಸೈಲೆಂಟಿನಲ್ಲಿ ಉಂಟು, ಕೇಳುದಿಲ್ಲ" ಎಂದಳು.

ಗಿರಾಕಿ ನಕ್ಕುಬಿಟ್ಟರು. ಜಾಯ್ಸಿನ ಮುಖ ಸಣ್ಣದಾಯಿತು. ಆದರೆ ಹೋಗಲಿಲ್ಲ.

"ಹೌದು, ಅವತ್ತು ನನ್ನ ಫೋನ್ ಸೈಲೆಂಟಿನಲ್ಲಿತ್ತು. ಸಭೆಯೊಳಗೆ ಎಲ್ಲರದ್ದೂ ಹಾಗೆ ಇಡ್ಲಿಕ್ಕೆ ಹೇಳಿದ್ರು. ಹೊರಗೆ ಬಂದು ನೋಡುವಾಗ ಅಝರನ ಮಿಸ್ಡ್ ಕಾಲ್. ನಾನು ಓಡಿಕೊಂಡೇ ಬಂದೆ."

"ಬಂದು?"

"ಬಂದು ಎಂತ ಪ್ರಯೋಜನ." ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು. "ಅಕ್ಕ, ನಾನು ಕಾಂಟ್ರಾಕ್ಟಿನವಳು. ಎರಡು ಕೇಂದ್ರಕ್ಕೆ ನಾನೊಬ್ಬಳೇ. ಲ್ಯಾಬಿನವ ಬಿಟ್ಟು ಹೋಗಿ ವರ್ಷ ಆಯ್ತು, ಆಯಾ ಇಲ್ಲ. ದೊಡ್ಡವರು ಬರುವ ಕಾರ್ಯಕ್ರಮಕ್ಕೆ ಜನ ಸೇರುದಿಲ್ಲ ಅಂತ ನಮ್ಮನ್ನು ಕರೀತಾರೆ. ಕುರ್ಚಿ ಖಾಲಿ ಕಾಣಬಾರದು ಅಂತ. ಕೇಂದ್ರದಲ್ಲಿ ಯಾರೂ ಇಲ್ಲ ಸರ್ ಅಂತ ಹೇಳಿದೆ. ಬೀಗ ಹಾಕಿ ಬನ್ನಿ ಅಂದ್ರು."

"ಯಾರು ಅಂದದ್ದು?"

"ಆರೋಗ್ಯ ಇಲಾಖೆಯ ಆಫೀಸಿನ ಕೃಷ್ಣಕಿಶೋರ್ ಸರ್."

ಹರಿಣಾಕ್ಷಿ ಮೊದಲ ಸಲ ತಲೆ ಎತ್ತಿದಳು. "ಬೀಗ ಹಾಕಿದ ಕೈ ಯಾರದ್ದು?"

ಜಾಯ್ಸ್ ತನ್ನ ಕೈಯನ್ನೇ ನೋಡಿಕೊಂಡಳು. "ನನ್ನದು" ಎಂದಳು.

"ಹಾಗಾದ್ರೆ ಹೋಗಿ ಬನ್ನಿ ಸಿಸ್ಟರ್. ಮೀನಿಲ್ಲ."

ಅವಳು ಹೋದ ಮೇಲೆ ದೇಯಿ, "ಆ ಹೆಂಗಸು ಸುಳ್ಳು ಹೇಳುವ ಹಾಗೆ ಕಾಣುದಿಲ್ಲ ಹರಿಣಕ್ಕ" ಎಂದಳು.

"ಸುಳ್ಳು ಅಂತ ನಾನು ಹೇಳಿದೆನಾ? ಅವಳ ಪಾಲು ಅವಳಿಗೆ ಉಂಟು. ಈಗ ಇನ್ನೊಬ್ಬನ ಪಾಲು ಗೊತ್ತಾಯ್ತು. ಅವನ ಮನೆ ಎಲ್ಲಿ, ಮೀನು ಕೊಡುವವರು ಯಾರು ಅಂತ ವಿಚಾರಿಸು."

ದೇಯಿ ಮರುದಿನ ವಿಚಾರಿಸಿಕೊಂಡು ಬಂದಳು. ನಗು ತಡೆಯಲಾಗದೆ ಬುಟ್ಟಿಯನ್ನೇ ಹಿಡಿದುಕೊಂಡಳು. "ಅವರು ಭಟ್ರು ಮಾರಾಯ್ತಿ! ಅಪ್ಪ ದೇವಸ್ಥಾನದ ಪೂಜೆಯವರಂತೆ. ನೀನು ಮೀನು ಬಂದ್ ಮಾಡಿದ್ರೆ ಆ ಮನೆಯಲ್ಲಿ ಪಾಯಸ ಮಾಡಿ ಉಣ್ತಾರೆ."

ಹರಿಣಾಕ್ಷಿಗೆ ನಗು ಬರಲಿಲ್ಲ. ಇಡೀ ಊರಿನಲ್ಲಿ ಅವಳ ಕೈಗೆ ಇದ್ದ ಒಂದೇ ಆಯುಧ ಅದು. ಅದು ಲಕ್ವಾ ಹೊಡೆದ ಮುದುಕರವರೆಗೆ ಹೋಗುತ್ತದೆ, ಬೀಗ ಹಾಕಿ ಬನ್ನಿ ಎಂದವನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಆ ದಿನ ಅವಳು ಪೊರ್ಬುಗಳ ಓಣಿಗೆ ಹೋಗದೆ ಬೇರೆ ದಾರಿಯಲ್ಲಿ ಮನೆಗೆ ಹೋದಳು.

ವಾರದ ಕೊನೆಗೆ ಒಳ್ಳೆಯ ಸೀರೆ ಉಟ್ಟು, ದೇಯಿಯನ್ನು ಜೊತೆಗೆ ಕರೆದುಕೊಂಡು ಆ ಕಚೇರಿಗೆ ನಡೆದಳು. ಅವನ ಮುಖವನ್ನೊಮ್ಮೆ ನೋಡಬೇಕಿತ್ತು. ದಪ್ಪ ಹೊಟ್ಟೆಯ, ಗದರುವ ಸ್ವರದ ಒಬ್ಬನನ್ನು ಅವಳು ಮನಸ್ಸಿನಲ್ಲಿ ಕಡೆದಿಟ್ಟುಕೊಂಡಿದ್ದಳು. ಒಳಗೆ ಇದ್ದವನು ಸಣಕಲು ಮನುಷ್ಯ, ಕಣ್ಣಿನ ಕೆಳಗೆ ಕಪ್ಪು, ಮೇಜಿನ ಮೇಲೆ ಮೂರು ಫೋನು. ಎದ್ದು ನಿಂತು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಅಮ್ಮ."

"ಬೇಡ. ನಿಮ್ಮ ಕುರ್ಚಿಯ ಸಂಗತಿ ನನಗೆ ಗೊತ್ತುಂಟು." ನಿಂತೇ ಎಲ್ಲವನ್ನೂ ಹೇಳಿದಳು.

ಅವನು ಕೇಳಿಸಿಕೊಂಡ. ನಡುವೆ ಒಂದು ಫೋನು ಬಂತು, "ಹೌದು ಸರ್, ಆಗ್ತದೆ ಸರ್" ಎಂದು ಇಟ್ಟ. ಆಮೇಲೆ ಹೇಳಿದ: "ನೋಡಿ, ನನ್ನ ಕೈಯಲ್ಲಿ ಎಂತ ಉಂಟು? ಅರ್ಧಕ್ಕರ್ಧ ಹುದ್ದೆ ಖಾಲಿ. ಕೇಳಿ ಕೇಳಿ ಸಾಕಾಯ್ತು. ಜನ ಕೊಡುದಿಲ್ಲ."

"ಹುದ್ದೆ ತುಂಬಿಸ್ಲಿಕ್ಕೆ ಆಗುದಿಲ್ಲ, ಕುರ್ಚಿ ತುಂಬಿಸ್ಲಿಕ್ಕೆ ಆಗ್ತದಾ?"

ದೇಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿದ್ದ ಜವಾನ ಬೇರೆ ಕಡೆ ನೋಡಿದ. ಕೃಷ್ಣಕಿಶೋರನ ಕಿವಿ ಕೆಂಪಾಯಿತು. ಅಲ್ಲಿಯವರೆಗೆ ಮೆತ್ತಗಿದ್ದ ಸ್ವರ ಗಟ್ಟಿಯಾಯಿತು.

"ನಾನೊಂದು ಕೇಳ್ತೇನೆ. ಬೀಗ ಬಿದ್ದದ್ದು ಕಣ್ಣಿಗೆ ಕಂಡಿತಲ್ಲ. ಕೂಡಲೇ ರಿಕ್ಷಾ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗ್ಬೇಕಿತ್ತು. ಅಷ್ಟು ಹೊತ್ತು ಅಲ್ಲಿ ಯಾಕೆ ಕೂತದ್ದು?"

ಹರಿಣಾಕ್ಷಿಯ ಬಾಯಿ ಕಟ್ಟಿತು. ಮೀನಿನ ಮಾರ್ಕೆಟಿನಲ್ಲಿ ಮಾತಿಗೆ ಸೋತು ಗೊತ್ತಿಲ್ಲದ ಹೆಂಗಸು ಅವಳು. ಈ ಪ್ರಶ್ನೆಯನ್ನು ಅವಳಿಗೆ ಬೇರೆ ಯಾರೂ ಕೇಳಿರಲಿಲ್ಲ. ಅವಳು ಮಾತ್ರ ದಿನಾ ಕೇಳಿಕೊಳ್ಳುತ್ತಿದ್ದಳು, ಒಲೆಯ ಮುಂದೆ, ಏಲಮಿನ ಗಲಾಟೆಯ ನಡುವೆ. ಈಗ ಬರ್ತಾಳೆ ಇರಿ ಎಂದು ಮೂರು ಸಲ ಹೇಳಿದ ನಾಲಿಗೆ ಅವಳದೇ. ಆ ಗಾಯ ಎಲ್ಲಿದೆಯೆಂದು ಈ ಮನುಷ್ಯ ಹುಡುಕಿ ಬೆರಳಿಟ್ಟಿದ್ದ.

ಅವಳು ತಿರುಗಿ ಹೊರಗೆ ಬಂದಳು. ಮೆಟ್ಟಿಲಿನಲ್ಲಿ ದೇಯಿ, "ಬಿಡು ಹರಿಣಕ್ಕ, ಸೋತವರು ಹಾಗೆಯೇ ಮಾತಾಡುದು" ಎಂದು ಬೆನ್ನು ಸವರಿದಳು. ಹರಿಣಾಕ್ಷಿ ಮೆಟ್ಟಿಲಿಳಿದು ನಡೆದಳು. ಆ ದಿನದವರೆಗೆ ಅವಳ ಸಿಟ್ಟು ಹಸಿ ಮೀನಿನ ಹಾಗಿತ್ತು, ಇವತ್ತು ಇದ್ದು ನಾಳೆ ಕೆಡಬಹುದಿತ್ತು. ಈಗ ಅದಕ್ಕೆ ಉಪ್ಪು ಬಿತ್ತು. ಉಪ್ಪು ಬಿದ್ದದ್ದು ವರ್ಷಗಟ್ಟಲೆ ಉಳಿಯುತ್ತದೆ.

ಚಳಿಗಾಲ ಕಳೆದು ಸೆಕೆ ಶುರುವಾಗುವ ಹೊತ್ತಿಗೆ ಜಾಯ್ಸ್ ಪುನಃ ಆ ಮೂಲೆಗೆ ಬಂದಳು. ಈ ಸಲ ಚೀಲ ತಂದಿರಲಿಲ್ಲ.

"ಮೀನಿಗೆ ಬಂದದ್ದಲ್ಲ. ಶುಕ್ರವಾರ ಮತ್ತೆ ಕಾರ್ಯಕ್ರಮ ಉಂಟು, ಅದೇ ಹಾಲಿನಲ್ಲಿ. ಹೋಗ್ಲೇಬೇಕು ಅಂತ ಹೇಳಿದ್ದಾರೆ. ಬೀಗ ಬೀಳ್ತದೆ ಅಂತ ಓಣಿಯಲ್ಲಿ ಎಲ್ಲರಿಗೂ ಹೇಳಿ ಬಂದೆ. ನಿಮಗೂ ಹೇಳುವ ಅಂತ."

ಹರಿಣಾಕ್ಷಿ ಚೂರಿಯನ್ನು ಹಲಗೆಯ ಮೇಲಿಟ್ಟಳು. "ಅಲ್ಲಿ ಅವರಿಗೆ ಬೇಕಾದ್ದು ನರ್ಸುಗಳಾ, ತಲೆಗಳಾ?"

"ತಲೆಗಳು ಅಕ್ಕ. ಮತ್ತೆಂತ."

"ಹಾಗಾದ್ರೆ ನೀವು ಬಾಗಿಲು ತೆರೆದು ಕೂತ್ಕೊಳ್ಳಿ. ನಿಮ್ಮ ಕುರ್ಚಿಗೆ ನಾನು ಹೋಗ್ತೇನೆ."

"ನನ್ನ ಕೆಲಸ ಹೋಗ್ತದೆ."

"ಕುರ್ಚಿ ಖಾಲಿಯಾದ್ರೆ ಅಲ್ವಾ ಹೋಗುದು? ಖಾಲಿಯಾಗುದಿಲ್ಲ. ಅದು ನನ್ನ ಜವಾಬ್ದಾರಿ." ಆಮೇಲೆ ಮುಖ ನೋಡದೆ ಸೇರಿಸಿದಳು: "ಈ ಸಲ ಬೀಗ ಹಾಕಿದ್ರೆ ಮಾತ್ರ, ನಿಮ್ಮ ಪಪ್ಪ ಬೂತಾಯಿಯ ಹೆಸರು ಮರೆಯುವವರೆಗೆ ನಾನು ಬಿಡುದಿಲ್ಲ."

ಶುಕ್ರವಾರ ದಕ್ಕೆಯಿಂದ ಒಂದು ಟೆಂಪೋ ಹೊರಟಿತು. ಅದರ ತುಂಬ ಹೆಂಗಸರು, ಹೆಂಗಸರ ಮಡಿಲ ತುಂಬ ಬುಟ್ಟಿ. ಬುಟ್ಟಿ ಮನೆಯಲ್ಲಿಟ್ಟು ಬರುವ ಎಂದು ಯಾರೋ ಹೇಳಿದ್ದಕ್ಕೆ, "ಕೆಲಸದ ಹೊತ್ತಿನಲ್ಲಿ ಕರೆದರೆ ಕೆಲಸದ ಸಾಮಾನು ಜೊತೆಗೇ ಬರ್ತದೆ" ಎಂದಿದ್ದಳು ಹರಿಣಾಕ್ಷಿ. ಅಂಜಲ್, ಬಂಗುಡೆ, ಸಿಗಡಿ, ಎಲ್ಲದರ ಮೇಲೂ ಪುಡಿ ಮಂಜು.

ಸಭಾಂಗಣದ ಬಾಗಿಲಿನಲ್ಲಿ ಬ್ಯಾಡ್ಜು ಹಾಕಿದ ಇಬ್ಬರು ತಡೆದರು. "ನೀವೆಲ್ಲ ಎಲ್ಲಿಗೆ?"

ದೇಯಿ ಮೇಲೆ ಬೆರಳು ತೋರಿಸಿದಳು. "ಬ್ಯಾನರಿನಲ್ಲಿ ಸಾರ್ವಜನಿಕರಿಗೆ ಆದರದ ಸ್ವಾಗತ ಅಂತ ಉಂಟಲ್ಲ. ನಮ್ಮನ್ನು ನೋಡಿದ್ರೆ ಮತ್ತೆ ಯಾರ ಹಾಗೆ ಕಾಣ್ತದೆ?"

ಎದುರಿನ ಸಾಲುಗಳು ತುಂಬಿದವು. ಬುಟ್ಟಿಗಳು ಕಾಲಿನ ಹತ್ತಿರ ಕುಳಿತವು. ಹಿಂದಿನಿಂದ ಬಂದ ಬೇರೆ ಕೇಂದ್ರಗಳ ನರ್ಸುಗಳಿಗೆ ಹರಿಣಾಕ್ಷಿ ಹೇಳಿದಳು, "ನಿಮ್ಮ ಜಾಗ ತುಂಬಿತು ಮಕ್ಕಳೇ. ಹೋಗಿ ಬಾಗಿಲು ತೆಗೆಯಿರಿ." ಕೆಲವರು ನಗುತ್ತಾ ಹಿಂದಿನ ಗೋಡೆಗೆ ಒರಗಿ ನಿಂತರು. ಕೆಲವರು ನಿಜವಾಗಿಯೂ ಹೊರಟುಹೋದರು. ಎಸಿ ಶುರುವಾಯಿತು. ಮಂಜು ಕರಗಿದ ನೀರು ಕೆಂಪು ಕಾರ್ಪೆಟಿನ ಮೇಲೆ ಹರಿದು ವೇದಿಕೆಯ ಕಡೆಗೆ ಹೊರಟಿತು. ವಾಸನೆ ಅದಕ್ಕಿಂತ ಮೊದಲೇ ತಲುಪಿತ್ತು.

ಕೃಷ್ಣಕಿಶೋರ್ ಮೂಗಿಗೆ ಕರ್ಚೀಫು ಹಿಡಿದು ಓಡಿ ಬಂದ. "ಇದೆಂತದ್ದು ಅಮ್ಮ? ದಯಮಾಡಿ ಏಳಿ. ಗೆಸ್ಟ್ ಗೇಟಿನ ಹತ್ತಿರ ಬಂದಾಯ್ತು."

"ಬರ್ಲಿ. ಕುರ್ಚಿ ಒಂದೂ ಖಾಲಿಯಿಲ್ಲ ಸರ್, ನೀವು ಹೆದರ್ಬೇಡಿ."

ದೊಡ್ಡ ಅತಿಥಿ ಕರಾವಳಿಯವರೇ. ಬಂದು, ಕುಳಿತು, ಗಾಳಿಯನ್ನು ಎಳೆದುಕೊಂಡು, ಮುಂದಿನ ಸಾಲನ್ನು ನೋಡಿ ಮೈಕಿನಲ್ಲೇ ಕೇಳಿದರು: "ಇವತ್ತು ಎಂತ ಮೀನು?"

ಸಭೆಯೆಲ್ಲ ನಕ್ಕಿತು. ಹರಿಣಾಕ್ಷಿ ಎದ್ದು ನಿಂತಳು. ಅವಳ ಸ್ವರಕ್ಕೆ ಮೈಕು ಬೇಕಿರಲಿಲ್ಲ.

"ಅಂಜಲ್ ಉಂಟು ಸರ್, ಫ್ರೆಶ್. ಆದ್ರೆ ನಾವು ಮಾರ್ಲಿಕ್ಕೆ ಬಂದದ್ದಲ್ಲ. ಕುರ್ಚಿ ತುಂಬಿಸ್ಲಿಕ್ಕೆ ಬಂದದ್ದು. ಹೋದ ಸಲ ಇಲ್ಲಿ ನಮ್ಮ ಓಣಿಯ ಸಿಸ್ಟರನ್ನು ಕೂರಿಸಿದ್ರು. ಅಲ್ಲಿ ಬೀಗ ಹಾಕಿಸಿದ್ರು. ಆ ಬೀಗದ ಎದುರು ಬೆಂಚಿನಲ್ಲಿ ನನ್ನ ಗಂಡ ಜೀವ ಬಿಟ್ರು."

ನಗು ನಿಂತಿತು. ಕ್ಯಾಮೆರಾ ಹಿಡಿದವರು ಅವಳ ಕಡೆ ತಿರುಗಿದರು.

"ಅಲ್ಲಿ ನಿಂತಿದ್ದಾರಲ್ಲ, ಆ ಸರ್ ನನ್ನನ್ನು ಒಂದು ಪ್ರಶ್ನೆ ಕೇಳಿದ್ರು. ಬೀಗ ನೋಡಿದ ಮೇಲೂ ಅಷ್ಟು ಹೊತ್ತು ಯಾಕೆ ಕೂತದ್ದು ಅಂತ. ಅವತ್ತು ನನಗೆ ಬಾಯಿ ಬರ್ಲಿಲ್ಲ. ಇವತ್ತು ಹೇಳ್ತೇನೆ. ನನ್ನ ಎರಡು ಮಕ್ಕಳಿಗೆ ಸೂಜಿ ಹಾಕಿಸಿದ್ದು ಆ ಬಾಗಿಲಿನಲ್ಲಿ. ಅತ್ತೆಯ ಗಾಯ ತೊಳೆದದ್ದು ಆ ಬಾಗಿಲಿನಲ್ಲಿ. ಹಗಲು ಹೊತ್ತಿನಲ್ಲಿ ಅದು ಮುಚ್ಚಿದ್ದನ್ನು ನಾನು ನೋಡಿದವಳೇ ಅಲ್ಲ. ತೆರೀತದೆ ಅಂತ ಕೂತೆ ಸರ್. ಸರಕಾರದ ಬಾಗಿಲು ಅಂತ ನಂಬಿ ಕೂತೆ. ಅದು ನನ್ನ ತಪ್ಪಾದ್ರೆ ಇಲ್ಲಿಯೇ ಹೇಳಿ, ಎಲ್ಲರೂ ಕೇಳ್ಲಿ."

ಅತಿಥಿ ಮೈಕನ್ನು ಪಕ್ಕಕ್ಕೆ ತಿರುಗಿಸಿ ಕೃಷ್ಣಕಿಶೋರನನ್ನು ನೋಡಿದರು. ಅವನು ವೇದಿಕೆಯ ಮೆಟ್ಟಿಲಿನಲ್ಲಿ ನಿಂತಿದ್ದ, ಮೇಲೆ ಹೋಗಲೂ ಆಗದೆ ಕೆಳಗೆ ಇಳಿಯಲೂ ಆಗದೆ. ಕರ್ಚೀಫು ಮೂಗಿನಿಂದ ಹಣೆಗೆ ಹೋಗಿತ್ತು. ಹರಿಣಾಕ್ಷಿ ಕುಳಿತುಕೊಳ್ಳಲಿಲ್ಲ. ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡುವ ಹಾಗೆ ಅವನ ಮುಖವನ್ನು ನೋಡುತ್ತಾ ನಿಂತಳು, ಅದರ ಬಣ್ಣ ಪೂರ್ತಿ ಇಳಿಯುವವರೆಗೆ. ಕೊನೆಗೆ ಅವನು ಮೈಕಿನ ಹತ್ತಿರ ಬಂದು, ಇನ್ನು ಮುಂದೆ ಕಾರ್ಯಕ್ರಮಗಳಿಗೆ ಕೇಂದ್ರದ ಸಿಬ್ಬಂದಿಯನ್ನು ಕರೆಯುವುದಿಲ್ಲ ಎಂದ. "ಹಿಂದಿನವರಿಗೆ ಕೇಳುದಿಲ್ಲ ಸರ್" ಎಂದಳು ದೇಯಿ. ಅವನು ಇನ್ನೊಮ್ಮೆ ಹೇಳಬೇಕಾಯಿತು.

ಹೊರಗೆ ಟೆಂಪೋ ಹತ್ತುವಾಗ ಅವನು ಹಿಂದೆಯೇ ಬಂದ. ಸ್ವರದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಸಮಾಧಾನ ಆಯ್ತಾ? ಮೇಲಿನವರು ಹೇಳಿದ್ದನ್ನು ನಾನು ಮಾಡಿದ್ದು. ನನ್ನ ಮರ್ಯಾದೆ ತೆಗೆದ್ರಿ. ಇದರಿಂದ ನಿಮ್ಮ ಗಂಡ ವಾಪಸು ಬರ್ತಾರಾ?"

"ಬರುದಿಲ್ಲ. ಮುಂದಿನ ಕಾರ್ಯಕ್ರಮ ಯಾವತ್ತು?"

ಆ ಶುಕ್ರವಾರ ಉಪ್ಪಿನ ಓಣಿಯ ಬಾಗಿಲು ಸಂಜೆಯವರೆಗೆ ತೆರೆದಿತ್ತು. ಜಾಯ್ಸಿನ ಕೆಲಸವೂ ಉಳಿಯಿತು. ಮರುದಿನ ದಕ್ಕೆಯಲ್ಲಿ ಹರಿಣಾಕ್ಷಿ ದೇಯಿಯನ್ನು ಕರೆದು, "ಪೊರ್ಬುಗಳ ಮನೆ ಇನ್ನು ನಿನ್ನದು. ಬೂತಾಯಿ ದೊಡ್ಡದು ನೋಡಿ ಕೊಡು" ಎಂದಳು. ಖಾಯಂ ಮನೆಯನ್ನು ಬಿಟ್ಟುಕೊಡುವುದೆಂದರೆ ಅವರಲ್ಲಿ ಸಣ್ಣ ಮಾತಲ್ಲ. ದೇಯಿ, "ನೀನೇ ಹೋಗಬಹುದಲ್ಲಾ, ಈಗ ಎಂತ ಜ‌ಗಳ?" ಎಂದದ್ದಕ್ಕೆ, "ಅವರಿಗೆ ಮೀನು ಸಿಗಲಿ. ನನ್ನ ಕೈಯದ್ದು ಬೇಡ" ಎಂದಳು.

ಹುದ್ದೆಗಳು ಈಗಲೂ ಖಾಲಿಯೇ. ಜಾಯ್ಸ್ ಎರಡು ಕೇಂದ್ರಗಳ ನಡುವೆ ಓಡುತ್ತಲೇ ಇದ್ದಾಳೆ. ಒಬ್ಬ ಹೊಸ ನರ್ಸನ್ನು ಕೊಡಿ ಎಂದು ಹರಿಣಾಕ್ಷಿ ಹೆಂಗಸರನ್ನು ಕಟ್ಟಿಕೊಂಡು ಆ ಕಚೇರಿಗೆ ಆಗಾಗ ಹೋಗುತ್ತಾಳೆ. ಅವಳ ಸ್ವರ ಗೇಟಿನಲ್ಲಿ ಕೇಳಿದರೆ ಕೃಷ್ಣಕಿಶೋರ್ ಹಿಂದಿನ ಬಾಗಿಲಿನಿಂದ ಮೀಟಿಂಗಿಗೆ ಹೋಗುತ್ತಾನಂತೆ.

ಈ ನಡುವೆ ಮಳೆಗಾಲ ಬಂತು. ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಕಡಲಿಗಿಳಿಯುವುದಿಲ್ಲ, ದಕ್ಕೆ ಬರಿದಾಗುತ್ತದೆ, ಹೆಂಗಸರಿಗೆ ಬೇಕಾದಷ್ಟು ಬಿಡುವು. ಕಾರ್ಯಕ್ರಮ ಯಾವಾಗ ಎಂದು ಕೇಳಿಕೊಂಡು ಬರಲು ಹರಿಣಾಕ್ಷಿ ಪ್ರತಿ ಸೋಮವಾರ ದೇಯಿಯನ್ನು ಕಚೇರಿಗೆ ಕಳಿಸಿದಳು. ಆ ಎರಡು ತಿಂಗಳಲ್ಲಿ ಕೃಷ್ಣಕಿಶೋರ್ ಒಂದು ಕಾರ್ಯಕ್ರಮವನ್ನೂ ಇಟ್ಟುಕೊಳ್ಳಲಿಲ್ಲ.

"ಯಾವಾಗ ಬೇಕಾದ್ರೂ ಇಡಲಿ ಬಿಡು," ಎಂದಳು ಹರಿಣಾಕ್ಷಿ, ಒಣಮೀನಿನ ಚೀಲದ ಬಾಯಿ ಕಟ್ಟುತ್ತಾ. "ನನಗೆಂತ ಅವಸರ?"